ಒಳಗೆ ಒಬ್ರು ಬೇಕು ಮಾರಾಯ್ರೆ

(ಮೊನ್ನೆ ಭಾನುವಾರ ಮಂಗಳೂರಲ್ಲಿ ಹೆಂಗಸರ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಹಾಗಾಗಿ ರೆಕಾರ್ಡಿಂಗ್ ಕೇಳ್ತಾ ಟೈಪ್ ಮಾಡಿದ್ದೇನೆ. ಮಧ್ಯದಲ್ಲಿ ಕರೆಂಟ್ ಹೋಗಿ ಹತ್ತು ನಿಮಿಷ ಮೈಕ್ ಇರಲಿಲ್ಲ, ಅಷ್ಟು ಮಾತ್ರ ನೆನಪಿನಿಂದ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಈಗ ಅಕ್ಕ ನನ್ನನ್ನು ಪರಿಚಯ ಮಾಡುವಾಗ "ಇವರು ಡೌಲಾ" ಅಂದ್ರಲ್ಲ, ಆಗ ಎರಡನೇ ಸಾಲಿನಲ್ಲಿ ಯಾರೋ ಒಬ್ರು ಪಕ್ಕದವರ ಹತ್ರ "ಎಂತ, ಡೋಲಾ? ಡೋಲು ಬಡಿಯುವವರಾ?" ಅಂತ ಕೇಳಿದ್ದು ನನಗೆ ಇಲ್ಲಿಗೇ ಕೇಳ್ಸಿತು. ನಗಾಡಿ ಪರವಾಗಿಲ್ಲ, ನನ್ನ ಅಮ್ಮನೇ ಇವತ್ತಿಗೂ ನೆಂಟರ ಹತ್ರ "ಅವಳಿಗೆ ಆಸ್ಪತ್ರೆಯಲ್ಲಿ ಎಂತದೋ ಕೆಲಸ" ಅಂತ ಹೇಳಿ ಮಾತು ತಿರುಗಿಸುದು. ಡೋಲಿನ ವಿಷಯಕ್ಕೆ ಆಮೇಲೆ ಒಮ್ಮೆ ಬರ್ಲಿಕ್ಕುಂಟು, ಈಗ ಅದನ್ನು ಅಲ್ಲೇ ಇಡುವ.

ಡೌಲಾ ಅಂದ್ರೆ ಗ್ರೀಕ್ ಶಬ್ದ, ಹಳೇ ಅರ್ಥ ಸೇವಕಿ, ದಾಸಿ. ಅಮೆರಿಕದ ಡಾನಾ ರಫೇಲ್ ಅನ್ನುವ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಬಾಣಂತಿಯ ಒಟ್ಟಿಗಿದ್ದು ನೋಡಿಕೊಳ್ಳುವ ಹೆಂಗಸಿಗೆ ಈ ಹೆಸರು ಇಟ್ಟದ್ದು, ಅಲ್ಲಿಂದ ಅದೇ ಚಾಲ್ತಿಗೆ ಬಂತು. ನನಗೆ ಆ ಅರ್ಥ ಅಷ್ಟು ಇಷ್ಟ ಇಲ್ಲ, ಆದ್ರೆ ಕನ್ನಡದಲ್ಲಿ ಬೇರೆ ಶಬ್ದವೂ ಸಿಗ್ಲಿಲ್ಲ. ಸೂಲಗಿತ್ತಿ ಅಂತ ಹೇಳುವ ಹಾಗಿಲ್ಲ, ಯಾಕಂದ್ರೆ ಸೂಲಗಿತ್ತಿ ಹೆರಿಗೆ ಮಾಡಿಸ್ತಾಳೆ, ನಾನು ಮಾಡಿಸುದಿಲ್ಲ. ನಾನು ಬಿಪಿ ನೋಡುದಿಲ್ಲ, ಒಳಗೆ ಕೈ ಹಾಕಿ ಎಷ್ಟು ಓಪನ್ ಆಗಿದೆ ಅಂತ ನೋಡುದಿಲ್ಲ, ಮದ್ದು ಕೊಡುದಿಲ್ಲ, ಡಾಕ್ಟರ್ ಹೇಳಿದ್ದಕ್ಕೆ ಅಡ್ಡ ಮಾತಾಡುದೂ ಇಲ್ಲ. ಹಾಗಾದ್ರೆ ಮಾಡುದು ಎಂತ? ಅಲ್ಲಿರುದು. ಸೊಂಟ ಒತ್ತುದು, ನೀರು ಕುಡಿಸುದು, ಬೆವರು ಒರೆಸುದು, ಎದ್ದು ನಡೆಯುವ ಅಂತ ಎಬ್ಬಿಸುದು, ಡಾಕ್ಟರ್ ಅರ್ಜೆಂಟಲ್ಲಿ ಹೇಳಿ ಹೋದ ಮಾತನ್ನು ಅವಳ ಭಾಷೆಯಲ್ಲಿ ನಿಧಾನಕ್ಕೆ ಇನ್ನೊಮ್ಮೆ ಹೇಳುದು, ಅವಳಿಗೊಂದು ಪ್ರಶ್ನೆ ಉಂಟು ಆದ್ರೆ ಬಾಯಿ ಬರ್ತಾ ಇಲ್ಲ ಅಂದ್ರೆ "ಸಿಸ್ಟರ್, ಇವರಿಗೆ ಏನೋ ಕೇಳ್ಲಿಕ್ಕುಂಟಂತೆ" ಅಂತ ಹೇಳುದು. ಅಷ್ಟೇ. ಕೇಳುವಾಗ ಇದೊಂದು ಕೆಲಸವಾ ಅನ್ನಿಸ್ತದೆ, ಒಂದು ರಾತ್ರಿ ಪೂರ್ತಿ ಮಾಡಿ ನೋಡಿ, ಬೆಳಿಗ್ಗೆ ಕೈಬೆರಳು ಮಡಚ್ಲಿಕ್ಕೆ ಆಗುದಿಲ್ಲ.

ನಾನು ಇದಕ್ಕೆ ಬಂದದ್ದು ಪುಸ್ತಕ ಓದಿ ಅಲ್ಲ. ನನ್ನ ಮೊದಲ ಹೆರಿಗೆಯಲ್ಲಿ, ಯಾವ ಆಸ್ಪತ್ರೆ ಅಂತ ಇಲ್ಲಿ ಬೇಡ, ಅಮ್ಮ ಫ್ಲಾಸ್ಕಿನಲ್ಲಿ ಗಂಜಿತಿಳಿ ಹಿಡ್ಕೊಂಡು ಹೊರಗಿನ ಬೆಂಚಿನಲ್ಲಿ ಕೂತದ್ದು, ನಾನು ಒಳಗೆ. ಹನ್ನೊಂದು ಗಂಟೆ. ಮಧ್ಯದಲ್ಲಿರುದು ಒಂದು ಸ್ವಿಂಗ್ ಬಾಗಿಲು, ಅದರಲ್ಲಿ ಒಂದು ಸಣ್ಣ ಗಾಜು, ಆ ಗಾಜಿಗೂ ಪೇಪರ್ ಅಂಟಿಸಿದ್ರು. ಯಾರೂ ನನಗೆ ಹೊಡೀಲಿಲ್ಲ, ಬೈದದ್ದೂ ಜಾಸ್ತಿ ಇಲ್ಲ, ಒಮ್ಮೆ "ಎಂತ ಇಷ್ಟು ಬೊಬ್ಬೆ, ಇನ್ನೊಬ್ರು ಇಲ್ವಾ ಇಲ್ಲಿ" ಅಂದ್ರು ಅಷ್ಟೇ. ಎಲ್ಲರೂ ಅವರವರ ಕೆಲಸ ಸರಿಯಾಗೇ ಮಾಡಿದ್ರು. ಆದ್ರೆ ಆ ಹನ್ನೊಂದು ಗಂಟೆಯಲ್ಲಿ ನನಗೆ ಈಗಲೂ ಸ್ಪಷ್ಟ ನೆನಪಿರುದು ನೆಲ ಒರೆಸ್ಲಿಕ್ಕೆ ಬಂದ ಆಯಾ ಒಬ್ರು. ಬಕೆಟ್ ಕೆಳಗಿಟ್ಟು ಒದ್ದೆ ಕೈಯನ್ನು ಸೀರೆಗೆ ಒರೆಸಿ ನನ್ನ ಹಣೆ ಮೇಲಿಟ್ಟು "ಪೋಡಿಯೊಡ್ಚಿ ಮಗಾ, ಯಾನ್ ಉಲ್ಲೆ" ಅಂದ್ರು. ಹೆದರ್ಬೇಡ, ನಾನಿದ್ದೇನೆ ಅಂತ. ಅವರು ಇದ್ದದ್ದು ಎರಡೇ ನಿಮಿಷ, ಯಾರೋ ಕರೆದ್ರು, ಹೋದ್ರು. ಮಗುವಿಗೆ ಒಂದು ವರ್ಷ ಆದ ಮೇಲೂ ನಾನು ಆ ಎರಡು ನಿಮಿಷದ ಬಗ್ಗೆಯೇ ಯೋಚನೆ ಮಾಡ್ತಾ ಇದ್ದೆ, ಅದು ಹನ್ನೊಂದು ಗಂಟೆಯೂ ಇದ್ದಿದ್ರೆ ಹೇಗೆ ಇರ್ತಿತ್ತು ಅಂತ.

ಈಗ ಕೆಲವರು ಇದನ್ನು ಕೇಳಿದ ಕೂಡ್ಲೇ ಹಳೇ ಕಾಲವೇ ಒಳ್ಳೇದಿತ್ತು, ಮನೆಯಲ್ಲೇ ಹೆರ್ತಿದ್ರು ಅಂತ ಶುರು ಮಾಡ್ತಾರೆ. ನಾನು ಆ ಪಾರ್ಟಿ ಅಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ದುಡ್ಡು ತೆಗೊಳ್ಳದೆ ಮಾಡಿಸಿದ್ರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡ್ರು, ಅಂಥವರ ಕೈಗೆ ನಮಸ್ಕಾರ. ಆದ್ರೆ ರಕ್ತ ನಿಲ್ಲದಿದ್ರೆ ಮನೆಯಲ್ಲಿ ಯಾವ ಅಜ್ಜಿಯೂ ರಕ್ತದ ಬಾಟಲಿ ಇಟ್ಕೊಂಡು ಕೂರುದಿಲ್ಲ. ನನ್ನ ಅಜ್ಜಿಯ ಅಕ್ಕ ಹೋದದ್ದು ಹಾಗೇ, ಮಳೆಗಾಲ, ಹೊಳೆ ತುಂಬಿತ್ತು, ದೋಣಿ ಇಲ್ಲ. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುದು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರು 2018-20ರ ಲೆಕ್ಕದಲ್ಲಿ ದೇಶಕ್ಕೆ 97, ನಮ್ಮ ರಾಜ್ಯಕ್ಕೆ 69. ಪಕ್ಕದ ಕೇರಳದಲ್ಲಿ ಎಷ್ಟು ಗೊತ್ತುಂಟಾ, 19. ತಲಪಾಡಿ ದಾಟಿದ್ರೆ ಕೇರಳ, ಅದು ನಮ್ಮಿಂದ ಎಷ್ಟು ದೂರ ಹೇಳಿ. ಹಾಗಾಗಿ ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ಸಾಗಿಸುವಾಗ ಹೆರುವವಳನ್ನು ಮಾತ್ರ ಒಳಗೆ ಬಿಟ್ಟೆವು, ಅವಳ ಕೈ ಹಿಡ್ಕೊಂಡು ಕೂರ್ತಿದ್ದವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಅವಳಿಗೆ ಎಂತ ಗೊತ್ತು, ಸೋಂಕು ತರ್ತಾಳೆ, ಮಧ್ಯದಲ್ಲಿ ಬಾಯಿ ಹಾಕ್ತಾಳೆ ಅಂತ.

ಅವಳಿಂದ ಎಂತ ಉಪಯೋಗ ಅಂತ ಕೇಳಿದ್ರೆ ಅದಕ್ಕೂ ಲೆಕ್ಕ ಉಂಟು. ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಅಂತ ಇಬ್ರು ಮಕ್ಕಳ ಡಾಕ್ಟ್ರು, ಅವರ ತಂಡ ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ನೋಡಿದ್ದು, 1980ರಲ್ಲಿ ಪ್ರಕಟ ಆಯ್ತು. ಅಲ್ಲಿಯೂ ನಮ್ಮ ಹಾಗೇ, ಮನೆಯವರು ಒಳಗೆ ಬರುವ ಹಾಗಿಲ್ಲ, ಒಬ್ಬಳೇ ನೋವು ತಿನ್ಬೇಕು. ಇವರು ಎಂತ ಮಾಡಿದ್ರು ಅಂದ್ರೆ ಕೆಲವರ ಒಟ್ಟಿಗೆ ಒಬ್ಬಳು ಹೆಂಗಸನ್ನು ಕೂರಿಸಿದ್ರು, ನರ್ಸ್ ಅಲ್ಲ, ಸಂಬಂಧಿಕಳೂ ಅಲ್ಲ, ಅವತ್ತೇ ಮೊದಲು ಮುಖ ನೋಡಿದ್ದು. ತೊಂದರೆ ಇಲ್ಲದೆ ಹೆತ್ತವರಲ್ಲಿ, ಅಡ್ಮಿಟ್ ಆದಲ್ಲಿಂದ ಹೆರಿಗೆವರೆಗೆ ಒಬ್ಬಂಟಿಯಾಗಿದ್ದವರಿಗೆ ಸರಾಸರಿ 19.3 ಗಂಟೆ ಹಿಡಿದಿತ್ತು, ಜೊತೆ ಇದ್ದವರಿಗೆ 8.8 ಗಂಟೆ. ಸಣ್ಣ ಅಧ್ಯಯನ ಅದು, ನಲ್ವತ್ತು ತಾಯಂದಿರ ಲೆಕ್ಕ, ಅದನ್ನು ಹಿಡ್ಕೊಂಡು "ಡೌಲಾ ಇದ್ರೆ ಹತ್ತು ಗಂಟೆ ಕಮ್ಮಿ" ಅಂತ ಜಾಹೀರಾತು ಹಾಕುವವರೂ ಇದ್ದಾರೆ, ಅವರನ್ನು ನಂಬ್ಬೇಡಿ. 2017ರಲ್ಲಿ ಕೊಕ್ರೇನ್‌ನವರು, ಅಂದ್ರೆ ಬೇರೆ ಬೇರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಸಂಸ್ಥೆಯವರು, 17 ದೇಶಗಳ 26 ಪ್ರಯೋಗ, 15 ಸಾವಿರಕ್ಕೂ ಜಾಸ್ತಿ ಹೆಂಗಸರ ಲೆಕ್ಕ ಒಟ್ಟು ಮಾಡಿದ್ರು. ಅದರಲ್ಲಿ ಹೆರಿಗೆಯ ಸಮಯ ಕಮ್ಮಿ ಆದದ್ದು ಸುಮಾರು 40 ನಿಮಿಷ. ಆದ್ರೆ ಸಿಸೇರಿಯನ್ ಸುಮಾರು ಕಾಲು ಪಾಲು ಕಮ್ಮಿ, ನೋವಿನ ಮದ್ದು ಕಮ್ಮಿ, "ನನ್ನ ಹೆರಿಗೆ ಒಂದು ಕೆಟ್ಟ ಕನಸು" ಅನ್ನುವವರು ಕಮ್ಮಿ. ಒಬ್ರು ಕೂತುಕೊಳ್ಳುದರಿಂದ ಇಷ್ಟು. ಇದೇ ಕೆಲಸ ಮಾಡುವ ಒಂದು ಮಾತ್ರೆ ಬಂದಿದ್ರೆ ಎಷ್ಟು ಕಂಪನಿಗಳು ಎಷ್ಟು ರೇಟಿಗೆ ಮಾರ್ತಿದ್ವು ಅಂತ ನೀವೇ ಯೋಚನೆ ಮಾಡಿ.

ಯಾಕೆ ಹೀಗೆ ಆಗ್ತದೆ ಅಂತ ಗೊತ್ತಾಗ್ಬೇಕಾದ್ರೆ ಮನೆಯ ಬೆಕ್ಕನ್ನು ನೋಡಿ. ಮರಿ ಹಾಕ್ಲಿಕ್ಕೆ ಅದು ಅಟ್ಟ ಹುಡುಕ್ತದೆ, ಮಂಚದಡಿ ಹುಡುಕ್ತದೆ, ಕತ್ತಲೆ ಇರ್ಬೇಕು, ಗದ್ದಲ ಇರ್ಬಾರ್ದು. ಟಾರ್ಚ್ ಹಾಕಿ ನೋಡಿದ್ರೆ ಎದ್ದು ಬೇರೆ ಕಡೆ ಹೋಗ್ತದೆ. ಹೆದರಿಕೆ ಆದಾಗ ಮೈಯಲ್ಲಿ ಅಡ್ರಿನಲಿನ್ ಏರ್ತದೆ, ಗರ್ಭಕೋಶ ಹಿಂಡುವ ಆಕ್ಸಿಟೋಸಿನ್‌ಗೆ ಅದು ಅಡ್ಡ ಬರ್ತದೆ, ನೋವು ತಡೀತದೆ, ಅಥವಾ ಬರೀ ನೋವು ಇದ್ದು ಮುಂದೆ ಹೋಗುದಿಲ್ಲ. ನಾವು ಎಂತ ಮಾಡುದು, ಟ್ಯೂಬ್‌ಲೈಟ್ ಹಾಕಿ, ಅಂಗಾತ ಮಲಗಿಸಿ, ಹತ್ತು ಜನ ಹೋಗ್ತಾ ಬರ್ತಾ ಇರುವಲ್ಲಿ "ಇನ್ನೂ ಆಗ್ಲಿಲ್ವಾ" ಅಂತ ಕೇಳುದು.

ಈಗ ತಮಾಷೆ ಎಂತ ಅಂದ್ರೆ ಕಾಗದದಲ್ಲಿ ಎಲ್ಲವೂ ಉಂಟು. ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿ ಬರ್ಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಹೆಂಗಸು ಆಗಿರ್ಬೇಕು, ಸ್ವತಃ ಹೆತ್ತವಳಾದ್ರೆ ಒಳ್ಳೇದು, ಮರೆ ಸರಿ ಇರುವಲ್ಲಿ ಗಂಡನೂ ಆಗ್ಬಹುದು. 2017ರ ಡಿಸೆಂಬರಿನಲ್ಲಿ ಲಕ್ಷ್ಯ ಅಂತ ಕಾರ್ಯಕ್ರಮ ಬಂತು, ಸರಕಾರಿ ಲೇಬರ್ ರೂಮುಗಳನ್ನು ಸುಧಾರಿಸ್ಲಿಕ್ಕೆ, ಅದರಲ್ಲಿಯೂ ಜೊತೆಗಾತಿ, ಪರದೆ, ಗೌರವದ ಮಾತು ಎಲ್ಲ ಉಂಟು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, ಅವಳಿಗೆ ಬೇಕಾದವರು ಒಟ್ಟಿಗಿರ್ಲಿ, ತೊಂದರೆ ಇಲ್ಲದಿದ್ರೆ ತಿನ್ಲಿ ಕುಡೀಲಿ, ನಡೆದಾಡ್ಲಿ, ಅವಳಿಗೆ ಬೇಕಾದ ಭಂಗಿಯಲ್ಲಿ ಹೆರ್ಲಿ, ಎಲ್ಲರಿಗೂ ಕೂದಲು ಬೋಳಿಸುದು ಬೇಡ, ಎನಿಮಾ ಬೇಡ, ಎಲ್ಲರಿಗೂ ಕೊಯ್ದು ಹೊಲಿಗೆ ಹಾಕುದು ಬೇಡ, ಹೊಟ್ಟೆ ಮೇಲೆ ಒತ್ತುದು ಬೇಡ, ಗಂಟೆಗೆ ಒಂದು ಸೆಂಟಿಮೀಟರ್ ಓಪನ್ ಆಗ್ಲೇಬೇಕು ಅನ್ನುವ ಹಳೇ ಲೆಕ್ಕವೂ ಎಲ್ಲರಿಗೆ ಸರಿ ಹೋಗುದಿಲ್ಲ. ಓದುವಾಗ ಎಷ್ಟು ಸಂತೋಷ ಆಗ್ತದೆ. ಲೇಬರ್ ವಾರ್ಡಿನ ಬಾಗಿಲಿಗೆ ಹೋದ್ರೆ ವಾಚ್‌ಮ್ಯಾನ್ "ಅಮ್ಮ ಹೊರಗೆ ಕೂತ್ಕೊಳಿ".

ನರ್ಸ್‌ಗಳನ್ನು ದೂರ್ಲಿಕ್ಕೆ ನಾನು ಬಂದದ್ದಲ್ಲ, ಇಲ್ಲಿ ಮೂರು ನಾಲ್ಕು ಜನ ಸಿಸ್ಟರ್‌ಗಳು ಕೂತಿದ್ದೀರಿ, ನೈಟ್ ಡ್ಯೂಟಿಯಲ್ಲಿ ಒಬ್ರು ಎಷ್ಟು ಟೇಬಲ್ ನೋಡ್ತೀರಿ ಅಂತ ನಿಮಗೇ ಗೊತ್ತು. ಒಂದು ಕಡೆ ತಲೆ ಕಾಣ್ತಾ ಇದೆ, ಇನ್ನೊಂದು ಕಡೆ ಬಿಪಿ ಏರಿದೆ, ಮೂರನೆಯವಳು ಕಿರುಚ್ತಾಳೆ, ಜೊತೆಗೆ ರಿಜಿಸ್ಟರ್ ತುಂಬ್ಬೇಕು. ಅದೇ ಕಾರಣಕ್ಕೆ ಹೇಳುದು, ಜೊತೆಗೆ ಒಬ್ರು ಇದ್ರೆ ನಿಮಗೂ ಅರ್ಧ ಕೆಲಸ ಕಮ್ಮಿ. (ಇಲ್ಲಿ ಒಬ್ರು ಸಿಸ್ಟರ್ ಎದ್ದು, ಕೆಲವು ಅಮ್ಮಂದಿರು ಒಳಗೆ ಬಂದು ಮಗಳಿಗಿಂತ ಜಾಸ್ತಿ ಅಳ್ತಾರೆ, ಆಗ ಇಬ್ಬರನ್ನೂ ನೋಡ್ಬೇಕಾಗ್ತದೆ ಅಂದ್ರು. ಅದು ನೂರಕ್ಕೆ ನೂರು ನಿಜ. ಅದಕ್ಕೇ ಏಳನೇ ತಿಂಗಳಿಂದಲೇ ಅಮ್ಮನಿಗೂ ಸ್ವಲ್ಪ ತಯಾರಿ ಬೇಕು, ನಾನು ಈಗ ಬಸುರಿಗಿಂತ ಜಾಸ್ತಿ ಅವಳ ಅಮ್ಮನ ಹತ್ರ ಮಾತಾಡುದು.)

ಈಗ ಸಮಾನತೆ ವಿಷಯ. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ ನೋಡಿ. ಅಮೆರಿಕದ ಉದಾಹರಣೆ ಒಂದು ಹೇಳ್ತೇನೆ. ಟೆನಿಸ್‌ನ ಸೆರೆನಾ ವಿಲಿಯಮ್ಸ್, 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿತು. ಅವಳಿಗೆ ಮೊದಲೇ ರಕ್ತ ಹೆಪ್ಪುಗಟ್ಟುವ ತೊಂದರೆ ಇತ್ತು, ಅವಳೇ ಹೇಳಿದ್ಲು ನನಗೆ ಸಿಟಿ ಸ್ಕ್ಯಾನ್ ಮಾಡಿ ಅಂತ. ಮೊದಲು ಕಾಲಿಗೆ ಅಲ್ಟ್ರಾಸೌಂಡ್ ಮಾಡಿದ್ರು, ಮತ್ತೆ ಸಿಟಿ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪು ಇತ್ತು. ಅಷ್ಟು ದುಡ್ಡು, ಅಷ್ಟು ಹೆಸರು ಇದ್ದವಳಿಗೇ ತನ್ನ ಮೈಯ ವಿಷಯ ಎರಡೆರಡು ಸರ್ತಿ ಹೇಳ್ಬೇಕಾಯ್ತು. ಅಲ್ಲಿ 2021ರಲ್ಲಿ ಒಂದು ಲಕ್ಷ ಜನನಕ್ಕೆ ಸತ್ತ ಕಪ್ಪು ತಾಯಂದಿರು 69.9, ಬಿಳಿಯರು 26.6. ಅದಕ್ಕೆ ಅಲ್ಲಿ ಡೌಲಾ ಅಂದ್ರೆ ಬರೀ ಸೊಂಟ ಒತ್ತುವವಳಲ್ಲ, "ಇವಳು ಹೇಳುದನ್ನು ಕೇಳಿ" ಅಂತ ಹೇಳುವವಳು, ಕೆಲವು ರಾಜ್ಯಗಳಲ್ಲಿ ಬಡವರಿಗೆ ಡೌಲಾ ಖರ್ಚನ್ನು ಸರಕಾರಿ ವಿಮೆಯೇ ಕೊಡ್ತದೆ.

ನಮ್ಮಲ್ಲಿ ಬಣ್ಣ ಬೇರೆ ರೀತಿದು. ಯಾರ ಮಾತು ಕೇಳ್ತಾರೆ ಅನ್ನುದು ಯಾವ ಭಾಷೆ, ಯಾವ ಜಾತಿ, ಯಾರ ಪರಿಚಯದ ಮೇಲೆ ಬಂದದ್ದು ಅನ್ನುದರ ಮೇಲೆ ನಿಲ್ತದೆ. ಭಾಷೆ ಅಂದ್ರೆ ತುಳು, ಕೊಂಕಣಿ, ಬ್ಯಾರಿ ಮಾತ್ರ ಅಲ್ಲ, ಕನ್ನಡ ಕನ್ನಡದ ಮಧ್ಯವೇ ಎಡವಟ್ಟು ಆಗುದನ್ನು ನಾನು ನೋಡಿದ್ದೇನೆ. ಕೊಪ್ಪಳದ ಕಡೆಯ ಒಬ್ಬಳು ಹುಡುಗಿ, ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರು, ತವರು ಆಚೆ ಕಡೆ, ಗಂಡ ಸೆಂಟ್ರಿಂಗ್ ಕೆಲಸ. ಮೇಸ್ತ್ರಿಯ ಹೆಂಡತಿ ನನಗೆ ಫೋನ್ ಮಾಡಿದ್ದು, ಅಕ್ಕಾ ಇವಳಿಗೆ ಯಾರೂ ಇಲ್ಲ ಅಂತ. ನಾನು ಹೋಗುವಾಗ ಅವಳು "ನಡಾ, ನಡಾ" ಅಂತ ಅಳ್ತಾ ಇದ್ಲು, ಅಲ್ಲಿದ್ದ ಮಂಗಳೂರಿನ ಸಿಸ್ಟರ್‌ಗೆ ಅದು ನಡೀತೇನೆ ಅಂತ ಕೇಳ್ಸಿದೆ, "ಈಗ ನಡೆಯುದು ಬೇಡ, ಸುಮ್ಮನೆ ಮಲ್ಕೊಳಿ" ಅಂತ ಅಂಗಾತ ಮಲಗಿಸಿದ್ದಾರೆ. ಆಚೆ ಕಡೆ ನಡ ಅಂದ್ರೆ ಸೊಂಟ! "ನಡಾ ಭಾಳ ಹಿಡ್ದೈತ್ರಿ, ಬ್ಯಾನಿ ತಡಕೊಳ್ಳಾಕ ಆಗವಲ್ದು" ಅಂತ ಅವಳು ಹೇಳ್ತಿರುದು. ಸೊಂಟ ನೋವು ಇರುವವಳನ್ನು ಅಂಗಾತ ಮಲಗಿಸಿದ್ರೆ ಹೇಗಿರ್ತದೆ ಅಂತ ಹೆತ್ತವರಿಗೆ ಗೊತ್ತು. ಸಿಸ್ಟರ್‌ಗೆ ವಿಷಯ ಹೇಳಿದ ಕೂಡ್ಲೇ ಅವರೂ ಅಯ್ಯೋ ದೇವರೇ ಅಂದ್ರು, ಅವಳನ್ನು ಮಂಡಿಯೂರಿ ಮುಂದಕ್ಕೆ ಬಗ್ಗಿಸಿ ನಾನು ಅಂಗೈಯಿಂದ ಬೆನ್ನಿನ ಕೆಳಗಿನ ಎಲುಬಿಗೆ ಒತ್ತಿ ಹಿಡ್ಕೊಂಡೆ, ಎರಡು ಗಂಟೆ. ಒಂದು ನೋವಿಗೂ ಇನ್ನೊಂದಕ್ಕೂ ಮಧ್ಯೆ ಅವಳು ನಿದ್ದೆ ಮಾಡಿದ್ಲು. ಒಂದು ಶಬ್ದದ ವಿಷಯ ಇದು. ಇನ್ನು ಮಲ್ಪೆ ಬಂದರಿನಲ್ಲಿ ಒಡಿಶಾ, ಜಾರ್ಖಂಡಿನಿಂದ ಬಂದವರಿದ್ದಾರೆ, ಅವರ ಮನೆಯ ಹೆಂಗಸಿನ ಗತಿ ಎಂತ ಅಂತ ಯೋಚನೆ ಮಾಡಿ.

ಆಗ ಡೋಲು ಅಂತ ನಕ್ಕೆವಲ್ಲ. ನಮ್ಮೂರಲ್ಲಿ ಕಂಬಳಕ್ಕೆ, ಜಾತ್ರೆಗೆ ಡೋಲು ಬಡೀಲಿಕ್ಕೆ ಕರೀತಿದ್ದದ್ದು ಯಾರನ್ನು? ಇಲ್ಲಿಯ ಬುಡಕಟ್ಟಿನವರಾದ ಕೊರಗರನ್ನು. ಅವರಿಗೆ ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವ ಪದ್ಧತಿ ಇತ್ತು, ಅಜಲು ಅಂತ, ಅದನ್ನು ನಿಷೇಧಿಸ್ಲಿಕ್ಕೆ 2000ದಲ್ಲಿ ಒಂದು ಕಾನೂನೇ ಮಾಡ್ಬೇಕಾಯ್ತು, ಎಷ್ಟೋ ಹಿಂದಿನ ಕಥೆ ಅಲ್ಲ, ಇಲ್ಲಿರುವ ಎಲ್ಲರ ಜೀವಮಾನದಲ್ಲಿ. ಆ ಸಮುದಾಯದ ಒಬ್ಬಳು ತಂಗಿ ನನಗೆ ಹೇಳಿದ್ದು, ಎಂಟನೇ ತಿಂಗಳವರೆಗೆ ಚೆಕಪ್‌ಗೆ ಹೋಗದೆ ಕೂತದ್ದು ದುಡ್ಡಿಲ್ಲದೆ ಅಲ್ಲ, ಸರಕಾರಿ ಆಸ್ಪತ್ರೆಯಲ್ಲಿ ಫ್ರೀ ಅಂತ ಅವಳಿಗೆ ಗೊತ್ತಿತ್ತು, ಆದ್ರೆ ಬೆಂಚಿನಲ್ಲಿ ಅವಳು ಕೂತ ಕೂಡ್ಲೇ ಪಕ್ಕದವರು ಎದ್ದು ನಿಂತದ್ದನ್ನು ಒಮ್ಮೆ ನೋಡಿ ಸಾಕಾಗಿತ್ತಂತೆ. ಇದನ್ನು ಯಾವ ರಿಜಿಸ್ಟರಿನಲ್ಲಿ ಬರೀತೀರಿ? "ತಡವಾಗಿ ನೋಂದಣಿ" ಅಂತ ಬರೀತಾರೆ. ಮತ್ತೊಂದು, ನಮ್ಮ ಸೂಲಗಿತ್ತಿಯರ ಕಥೆಯೂ ಬೇರೆ ಅಲ್ಲ. ಹೊಕ್ಕುಳ ಬಳ್ಳಿ ಕತ್ತರಿಸ್ಲಿಕ್ಕೆ, ಅಮೆಯ, ಅಂದ್ರೆ ಹೆರಿಗೆ ಸೂತಕದ, ಬಟ್ಟೆ ಒಗೀಲಿಕ್ಕೆ ಕೆಳಜಾತಿಯ ಹೆಂಗಸರೇ ಆಗ್ಬೇಕಿತ್ತು, ಕೆಲಸ ಮುಗಿದ ಮೇಲೆ ಒಂದು ಸೇರು ಅಕ್ಕಿ, ಒಂದು ಹಳೇ ಸೀರೆ, ಹಿಂದಿನ ಬಾಗಿಲು.

ದುಡ್ಡಿನ ವಿಷಯವನ್ನು ನನ್ನಿಂದಲೇ ಶುರು ಮಾಡ್ಬೇಕು. ಒಂದು ಹೆರಿಗೆಗೆ ನಾನು ತೆಗೊಳ್ಳುವ ಫೀಸ್ ಬೀಡಿ ಕಟ್ಟುವ ಒಬ್ಬಳು ಅಕ್ಕನ ಎಷ್ಟೋ ತಿಂಗಳ ದುಡಿಮೆ. ಹಾಗಾದ್ರೆ ನಾನು ಯಾರಿಗೆ ಹೋಗುದು? ಅಪಾರ್ಟ್‌ಮೆಂಟಿನವರಿಗೆ, ಗಲ್ಫಿನಿಂದ ಹೆರಿಗೆಗೆ ಬಂದವರಿಗೆ. ಅವರಿಗೆ ಬೇಡ ಅಂತಲ್ಲ, 2019-21ರ ಅದೇ ಸಮೀಕ್ಷೆಯಲ್ಲಿ ದೇಶದ ಪ್ರೈವೇಟ್ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಸಿಸೇರಿಯನ್, ಸರಕಾರಿಯಲ್ಲಿ 14, ಹಾಗಾಗಿ ದುಡ್ಡಿದ್ದವರಿಗೂ ಕೇಳುವವರು ಒಬ್ರು ಬೇಕು, ಒಂದು ಕಡೆ ಬೇಡದಿದ್ರೂ ಕತ್ತರಿ, ಇನ್ನೊಂದು ಕಡೆ ಬೇಕಾದಾಗ ಆಂಬುಲೆನ್ಸಲ್ಲಿ ಊರೂರು ಸುತ್ತುದು. ಆದ್ರೆ ಡೌಲಾ ಅನ್ನುದು ಫೋಟೋಶೂಟ್, ಪ್ರೆಗ್ನೆನ್ಸಿ ಯೋಗ, ಕೇಸರಿ ಹಾಲು ಎಲ್ಲ ಸೇರಿದ ಪ್ಯಾಕೇಜ್ ಆಗಿಬಿಟ್ರೆ ಬಾಗಿಲು ಮತ್ತೆ ಮುಚ್ಚಿದ ಹಾಗೇ, ಈ ಸರ್ತಿ ವಾಚ್‌ಮ್ಯಾನ್ ಬದಲು ರೇಟ್ ಕಾರ್ಡ್. ನಾನು ತಿಂಗಳಿಗೆ ಎರಡು ಹೆರಿಗೆಗೆ ದುಡ್ಡು ತೆಗೊಂಡು ಒಂದಕ್ಕೆ ಹಾಗೇ ಹೋಗ್ತೇನೆ, ಆದ್ರೆ ಅದು ನನ್ನ ಧರ್ಮದ ಮೇಲೆ ನಿಂತದ್ದು, ನಾಳೆ ನನಗೆ ಜ್ವರ ಬಂದ್ರೆ ಆ ತಂಗಿಗೆ ಯಾರು? ಅವಳ ಅತ್ತೆಯನ್ನೋ ಅಕ್ಕನನ್ನೋ ಪಕ್ಕದ ಮನೆಯವರನ್ನೋ ಒಳಗೆ ಬಿಡಿ, ಬಿಡುದು ಇಲ್ಲಿಯ ರೂಲ್ ಅಂತ ಬಾಗಿಲಲ್ಲೇ ಕನ್ನಡದಲ್ಲಿ ಬೋರ್ಡ್ ಹಾಕಿ, ಯಾರೂ ಇಲ್ಲದವಳಿಗೆ ಆಸ್ಪತ್ರೆಯೇ ಒಬ್ಬಳನ್ನು ಸಂಬಳ ಕೊಟ್ಟು ಇಡ್ಲಿ. ನಾನು ಕೇಳ್ತಿರುದು ಇಷ್ಟೇ.

(ಇಲ್ಲಿ ಕರೆಂಟ್ ಹೋಯ್ತು. ಮುಂದಿನದ್ದು ಕೂಗಿ ಹೇಳಿದ್ದು.)

ಬಾಣಂತನಕ್ಕೆ ಬರುವ. ನಮ್ಮಲ್ಲಿ ಬಾಣಂತನ ಅಂದ್ರೆ ಒಂದು ದೊಡ್ಡ ಆಸ್ತಿ. ಹಂಡೆ ನೀರು, ಎಣ್ಣೆ ತಿಕ್ಕುದು, ಮಗು ಮೀಯಿಸ್ಲಿಕ್ಕೆ ಬರುವ ಅಜ್ಜಿ, ಮೆಂತೆ ಗಂಜಿ, ಬೊಳ್ಳುಳ್ಳಿ, ಒಳ್ಳೆಮೆಣಸಿನ ಸಾರು, ಲೇಹ್ಯ, ಹಾಲು ಬರ್ಲಿಕ್ಕೆ ತಾಟೆ ಮೀನು. ತುಳುವಿನಲ್ಲಿ ಹೆತ್ತವಳಿಗೆ ಪೆದ್ಮೆದಿ ಅಂತಾರೆ, ಪೆದ್ಮೆದಿಗೆ ಅಂತ ಬೇರೆ ಮದ್ದು, ಬೇರೆ ಅಡುಗೆ, ಬೇರೆ ಕೋಣೆ. ನಲ್ವತ್ತು ದಿನ ಒಬ್ಬಳು ಹೆಂಗಸಿಗೆ ಏನೂ ಕೆಲಸ ಹೇಳದೆ ಮಲಗಿಸುದು ಅಂದ್ರೆ ಸಣ್ಣ ವಿಷಯವಾ! ಹಾಗಂತ ಎಲ್ಲವೂ ಸರಿ ಅಲ್ಲ. ನೀರು ಕುಡಿದ್ರೆ ಹೊಟ್ಟೆ ಬರ್ತದೆ ಅಂತ ಹಾಲುಣಿಸುವವಳಿಗೆ ನೀರು ಕೊಡದೆ ಇರುದು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲುದು, ಸಿಸೇರಿಯನ್ ಹೊಲಿಗೆ ಮೇಲೆ ಕುದಿಯುವ ಹಾಗಿರುವ ನೀರು ಎರಚುದು, ಇದನ್ನು ಬಿಡ್ಲೇಬೇಕು. ಮೀಯಿಸುವ ಅಜ್ಜಿಯಂದಿರ ಹತ್ರ ಜಗಳ ಮಾಡಿ ನಾನು ಯಾವತ್ತೂ ಗೆದ್ದದ್ದಿಲ್ಲ, ಒಟ್ಟಿಗೆ ಬಚ್ಚಲಿಗೆ ಹೋಗಿ "ಅಜ್ಜೀ, ಇಲ್ಲಿ ಹೊಲಿಗೆ ಉಂಟಲ್ಲ, ಇಲ್ಲಿಗೆ ಬೇಡ, ಬೆನ್ನಿಗೆ ಹೊಯ್ಯಿ" ಅಂದ್ರೆ ಕೇಳ್ತಾರೆ.

ಆದ್ರೆ ಆ ಆಸ್ತಿ ಎಲ್ಲರಿಗೆ ಇಲ್ಲ. ಬೀಡಿ ಕಟ್ಟುವ ಒಬ್ರು ಅಕ್ಕನ ಮನೆಗೆ ನಾನು ಹದಿನಾರನೇ ದಿನ ಹೋದಾಗ ಮಗು ತೊಟ್ಟಿಲಲ್ಲಿ, ಅವರ ಮಡಿಲಲ್ಲಿ ತಡ್ಪೆ, ಅಂದ್ರೆ ಬೀಡಿ ಕಟ್ಟುವ ಮೊರ, ಹೊಗೆಸೊಪ್ಪಿನ ಹುಡಿಯ ವಾಸನೆ ತುಂಬ. ಬೀಡಿ ಬ್ರಾಂಚಿಗೆ ಲೆಕ್ಕ ಕೊಡ್ಬೇಕಲ್ಲ ಅಂದ್ರು. ಆಫೀಸಿನವರಿಗೆ 2017ರ ತಿದ್ದುಪಡಿ ಆದ ಮೇಲೆ 26 ವಾರ ಸಂಬಳದ ರಜೆ ಉಂಟು, ಒಳ್ಳೇದೇ. ಮನೆಯಲ್ಲೇ ಕೂತು ದುಡಿಯುವವಳಿಗೆ ಹದಿನಾರನೇ ದಿನ. ಸರಕಾರಿ ಆಸ್ಪತ್ರೆಯಲ್ಲಿ ಸಾದಾ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ ಫ್ರೀ, ಮದ್ದು, ರಕ್ತ, ಮನೆಗೆ ಬಿಡುವ ಗಾಡಿ ಫ್ರೀ, 2011ರಿಂದ ಉಂಟು, ಜನನಿ ಶಿಶು ಸುರಕ್ಷಾ ಅಂತ. ಇದು ಹಕ್ಕು, ಯಾರೂ ದಯ ತೋರಿಸುದಲ್ಲ, ಕೇಳಿ ತೆಗೊಳ್ಳಿ. ಆಮೇಲೆ ಆಶಾ ಅಕ್ಕ 3, 7, 14, 21, 28, 42ನೇ ದಿನ ಮನೆಗೆ ಬರ್ಬೇಕು. ಬರ್ತಾರೆ ಕೂಡ, ಆರು ಸರ್ತಿ ಬಂದದ್ದಕ್ಕೆ ಅವರಿಗೆ ಸಿಗುದು 250 ರೂಪಾಯಿ. ಮಂಗಳೂರಲ್ಲಿ ರಿಕ್ಷಾಕ್ಕೆ ಎಷ್ಟು ಅಂತ ನಿಮಗೆ ಗೊತ್ತಲ್ಲ. ಆಶಾ ಅಕ್ಕಂದಿರು ರಸ್ತೆಯಲ್ಲಿ ಕೂತಾಗ ಟ್ರಾಫಿಕ್ ಜಾಮ್ ಅಂತ ಬೈಬೇಡಿ, ಈ ದೇಶದ ಅತಿ ದೊಡ್ಡ ಡೌಲಾ ಪಡೆ ಅದೇ.

ಬರುವವರು ಎಂತ ನೋಡ್ಬೇಕು? ಎಲ್ಲರೂ ಮಗುವಿನ ತೂಕ ಕೇಳ್ತಾರೆ. ಅವಳನ್ನು ಕೇಳಿ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ಒದ್ದೆ ಆಗ್ತದಾ, ತಲೆನೋವು ಬಂದು ಕಣ್ಣು ಮಂಜಾಗ್ತದಾ, ಯಾಕಂದ್ರೆ ಬಿಪಿ ಹೆರಿಗೆ ಆದ ಮೇಲೂ ಏರ್ಬಹುದು, ಜ್ವರ ಉಂಟಾ, ಒಂದೇ ಕಾಲು ಊದಿದೆಯಾ, ಉಸಿರು ಸಿಕ್ತಾ ಇಲ್ವಾ. ಇದರಲ್ಲಿ ಒಂದಿದ್ರೂ ನಾಳೆ ನೋಡುವ ಅನ್ನುದಲ್ಲ, ಆಗಲೇ ಹೊರಡುದು. ಮತ್ತೆ ಮನಸ್ಸು. ಮೊದಲ ವಾರ ಸುಮ್ಮಸುಮ್ಮನೆ ಅಳು ಬರುದು ಸಾಮಾನ್ಯ, ಎರಡು ವಾರ ದಾಟಿಯೂ ಹಾಗೇ ಇದ್ರೆ, ಮಗುವನ್ನು ಕಂಡ್ರೆ ಏನೂ ಅನ್ನಿಸುದಿಲ್ಲ, ನಾನು ಇರುದೇ ಬೇಡ ಅನ್ನಿಸ್ತದೆ ಅಂದ್ರೆ ಅದು ದೃಷ್ಟಿಯೂ ಅಲ್ಲ, ಸೊಕ್ಕೂ ಅಲ್ಲ. ನಮ್ಮ ದೇಶದ 38 ಅಧ್ಯಯನ ಒಟ್ಟು ಮಾಡಿ ನೋಡಿದಾಗ ನೂರರಲ್ಲಿ 22 ತಾಯಂದಿರಿಗೆ ಹೆರಿಗೆ ನಂತರದ ಖಿನ್ನತೆ ಕಂಡಿದೆ. ಈ ಸಭೆಯಲ್ಲಿ ಐವತ್ತು ಜನ ತಾಯಂದಿರು ಇದ್ದೀರಿ ಅಂತ ಇಟ್ಕೊಳಿ, ಲೆಕ್ಕ ನೀವೇ ಹಾಕಿ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಕ್ಯಾಲೆಂಡರಿನಲ್ಲಿ ಗ್ಯಾಸ್ ನಂಬರಿನ ಪಕ್ಕ ಬರೆದಿಡಿ.

(ಪ್ರಶ್ನೆಗಳು ತುಂಬ ಇದ್ದವು, ಎರಡನ್ನು ಮಾತ್ರ ಬರೀತೇನೆ.)

ಒಬ್ರು ಯುವಕ, ಇದ್ದ ಗಂಡಸರು ಮೂರೇ ಜನ, ಅವರಲ್ಲಿ ಒಬ್ರು, ಗಂಡ ಒಳಗೆ ಬಂದ್ರೆ ತಲೆ ತಿರುಗಿ ಬೀಳ್ತಾನೆ ಅಂತಾರಲ್ಲ ಮೇಡಂ ಅಂದ್ರು. ಬಿದ್ದವರನ್ನು ನಾನು ಒಮ್ಮೆ ನೋಡಿದ್ದೇನೆ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎರಡು ಬನ್ಸ್ ತಿಂದು ಬನ್ನಿ, ತಲೆ ಕಡೆ ನಿಲ್ಲಿ, ವಿಡಿಯೋ ಮಾಡ್ಬೇಡಿ, ಅವಳು ಬೈದ್ರೆ ಬೈಸ್ಕೊಳ್ಳಿ.

ಕಡೆಗೆ ಎದ್ದದ್ದು ಅದೇ ಎರಡನೇ ಸಾಲಿನ ಡೋಲಿನ ಅಮ್ಮ. ಸೊಸೆಗೆ ಬರುವ ತಿಂಗಳು ಡೇಟ್ ಅಂತೆ, ಸೊಸೆಗೆ ತಾಯಿ ಇಲ್ಲ, ಬಾಣಂತನ ಇವರೇ ಮಾಡುದು. "ನನಗೆ ಓದ್ಲಿಕ್ಕೆ ಬರುದು ಸ್ವಲ್ಪವೇ, ನಾನು ಎಂತ ಕೇಳ್ಬೇಕು ಡಾಕ್ಟರ ಹತ್ರ?" ಅಂದ್ರು. ನಾನು ಹೇಳಿದೆ, ಈ ವಾರದ ಚೆಕಪ್‌ಗೆ ನೀವೂ ಹೋಗಿ, ತಾಯಿ ಕಾರ್ಡ್ ಹಿಡ್ಕೊಳ್ಳಿ, ನೋವು ಬಂದಾಗ ನಾನು ಒಟ್ಟಿಗೆ ಇರ್ಬಹುದಾ ಅಂತ ಈಗಲೇ ಕೇಳಿ, ಅವತ್ತು ಬಾಗಿಲಲ್ಲಿ ಕೇಳುದಲ್ಲ. ಇಲ್ಲ ಅಂದ್ರೆ ಯಾಕೆ ಅಂತ ಕೇಳಿ, ಮರೆಯಿಲ್ಲ ಅಂದ್ರೆ ಒಂದು ಪರದೆ ಕಟ್ಟುವ ಅನ್ನಿ. ಅವಳು ನಡೆದಾಡ್ಬಹುದಾ, ಗಂಜಿತಿಳಿ ಕೊಡ್ಬಹುದಾ ಕೇಳಿ. ಚೆಪ್ಪಲಿ ಹೊರಗೆ ಬಿಟ್ಟು ಕೈ ಸಾಬೂನು ಹಾಕಿ ತೊಳೆದು ಹೋಗಿ, ಅಳು ಬಂದ್ರೆ ಹೊರಗೆ ಹೋಗಿ ಅತ್ತು ಬನ್ನಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊಂಟ ಒತ್ತುದು ಎಲ್ಲಿಗೆ, ಒಮ್ಮೆ ತೋರ್ಸಿ" ಅಂತ ಮುಂದೆ ಬಂದು ನನಗೆ ಬೆನ್ನು ಹಾಕಿ ನಿಂತ್ರು. ತೋರಿಸಿದೆ. ಆಮೇಲೆ ನನ್ನನ್ನು ತಿರುಗಿಸಿ ಅವರೇ ಒತ್ತಿ ನೋಡಿದ್ರು, ಬೀಡಿ ಕಟ್ಟಿದ ಕೈ, ಒಳ್ಳೆ ಗಟ್ಟಿ ಇತ್ತು.